ಹರಿಶ್ಚಂದ್ರನ ಬಲೆ ತಿರುಗಿ ಬಂತು

ಮೇ ತಿಂಗಳು ಬಂತೆಂದರೆ ನಮ್ಮ ದಂಡೆಯ ಹೆಂಗಸರು ಮೆಟ್ಟಿಲ ಬದಿಗೆ ಒಂದು ಗರಟೆಯಲ್ಲಿ ತೆಂಗಿನೆಣ್ಣೆ, ಒಂದು ತುಂಡು ಹಳೆ ಸೀರೆ ಇಟ್ಟುಕೊಳ್ಳುತ್ತಾರೆ. ಕಾಲು ಒರೆಸಿಕೊಳ್ಳಲು. ಆ ದಿನಗಳಲ್ಲಿ ಕಡಲಿನಿಂದ ಡಾಂಬರಿನ ಉಂಡೆಗಳು ಬಂದು ಬೀಳುತ್ತವೆ. ಸಣ್ಣವು ಗೋಲಿಯಷ್ಟು, ದೊಡ್ಡವು ತೆಂಗಿನಕಾಯಿಯಷ್ಟು. ತುಳಿದರೆ ಕಾಲು ಬಿಡುವುದಿಲ್ಲ. ಸೋಪಿಗೂ ಹೋಗುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಬೇಕು.

ಕಾಲಿಗೆ ಹತ್ತಿದ್ದು ಹೇಗೋ ಹೋಗುತ್ತದೆ. ಬಲೆಗೆ ಹತ್ತಿದ್ದು ಹೋಗುವುದಿಲ್ಲ. ನಮ್ಮದು ಯೆಂಡಿ ಬಲೆ. ದೋಣಿಯಲ್ಲಿ ಒಯ್ದು ಅರ್ಧಚಂದ್ರದ ಹಾಗೆ ನೀರಿಗೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಂಡೆಯ ಮೇಲೆ ನಿಂತು ಎಳೆಯುವ ಬಲೆ. ಡಾಂಬರು ಬಂದ ದಿನ ಅದನ್ನು ಎಳೆಯುವ ಹಾಗಿಲ್ಲ. ಎಳೆದರೆ ಬಲೆ ಹಾಳು, ಮೀನೂ ಹಾಳು. ಮಂಗಲಾ ಅಂಥ ಮೀನನ್ನು ಅಂಕೋಲೆ ಪೇಟೆಗೆ ಒಯ್ದಾಗ ಗಿರಾಕಿಗಳು ಮೂಸಿ ನೋಡಿ, ಇದೇನು ಪೆಟ್ರೋಲ್ ಬಂಕಿನಲ್ಲಿ ಹಿಡಿದ ಮೀನಾ ಎಂದು ಕೇಳಿ ಮುಂದೆ ಹೋಗಿದ್ದರು. ಬುಟ್ಟಿ ಹೋದ ಹಾಗೇ ವಾಪಸು ಬಂತು. ಆ ರಾತ್ರಿ ನಮ್ಮಲ್ಲಿ ಗಂಜಿಗೆ ಉಪ್ಪಿನಕಾಯಿಯೇ ಆಯಿತು.

ಮಂಗಲಾ ನನ್ನ ತಮ್ಮ ಹರಿಶ್ಚಂದ್ರನ ಸೊಸೆ. ದತ್ತಾನ ಹೆಂಡತಿ. ನಾನು ಗಂಗೂ, ದತ್ತಾನಿಗೆ ಸೋದರತ್ತೆ. ನಾವು ಮೂಲದಲ್ಲಿ ಕಾರವಾರದ ಬಳಿಯ ಅರ್ಗಾದ ದಂಡೆಯವರು. ಅಲ್ಲಿ ನೌಕಾನೆಲೆ ಆಗುವಾಗ ಎದ್ದು ಬಂದು ಹಟ್ಟಿಕೇರಿಯ ಕಡೆಗೆ ನೆಲೆ ನಿಂತೆವು. ಹಾಗಾಗಿ ಹಕ್ಕು ಎಂಬ ಶಬ್ದ ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ಅರ್ಜಿ ಕೊಡುವುದು, ಸಭೆಗೆ ಹೋಗುವುದು, ಬಿಸಿಲಲ್ಲಿ ಕಾಯುವುದು ಎಲ್ಲ ನಮಗೆ ರೂಢಿ.

ಡಾಂಬರಿನ ವಿಷಯದಲ್ಲೂ ನಾವು ಸುಮ್ಮನೆ ಕೂರಲಿಲ್ಲ. ದತ್ತಾನೇ ಮುಂದೆ ನಿಂತ. ದೂರದಲ್ಲಿ ಹೋಗುವ ಹಡಗುಗಳು ಟ್ಯಾಂಕು ತೊಳೆದು ಎಣ್ಣೆನೀರು ಬಿಡುತ್ತವೆ, ಅದು ತೇಲಿ ತೇಲಿ ಉಂಡೆಯಾಗಿ ನಮ್ಮ ಅನ್ನದ ಮೇಲೆ ಬೀಳುತ್ತದೆ, ಇದಕ್ಕೆ ಕಾವಲು ಬೇಕು, ದಂಡೆ ಚೊಕ್ಕ ಮಾಡಿಸಬೇಕು ಎಂದು ಮತ್ತೆ ಮತ್ತೆ ಕೇಳಿದ. ಕೊನೆಗೆ ಒಂದು ವರ್ಷ ಮೇ ತಿಂಗಳಲ್ಲಿ ಅಧಿಕಾರಿಗಳು ನಮ್ಮ ದಂಡೆಗೇ ಬಂದು ಸಭೆ ಮಾಡುವುದೆಂದು ಗೊತ್ತಾಯಿತು. ಹಡಗಿನ ಕಡೆಯವರೂ ಬರುತ್ತಾರೆ ಎಂದರು. ಆ ಸಭೆಯಲ್ಲಿ ನಮ್ಮ ಮಾತು ನಿಂತರೆ ದಂಡೆ ಉಳಿಯಿತು. ಬಿದ್ದರೆ ಮತ್ತೆ ಯಾರೂ ನಮ್ಮನ್ನು ಕರೆಯುವವರಿಲ್ಲ.

ಸಭೆಗೆ ಮೊದಲು ಒಂದು ಭಾನುವಾರ ನಮ್ಮ ಹೆಂಗಸರ ಸ್ವಸಹಾಯ ಸಂಘದವರು ಮಂಗಲಾಳ ಜಗಲಿಯಲ್ಲಿ ಸೇರಿದ್ದೆವು. ಮಂಗಲಾಳ ತಂಗಿ ಚಂದನಾ ತೋಡೂರಿನಿಂದ ಬಂದಿದ್ದಳು. ಅವಳದು ಸಾಗರ ಮಿತ್ರ ಕೆಲಸ. ಮೀನುಗಾರರ ಊರಿಗೆ ಹೋಗಿ ಹವಾಮಾನ, ಕಾನೂನು, ಸರ್ಕಾರದ ಯೋಜನೆ ಎಲ್ಲ ತಿಳಿಸಿ ಹೇಳುತ್ತಾಳೆ. ದತ್ತಾ ಕಂಬಕ್ಕೆ ಒರಗಿ ನಿಂತು ನಡುನಡುವೆ ಬಾಯಿ ಹಾಕುತ್ತಿದ್ದ.

“ಮಾತಾಡೂದಾದ್ರೆ ಸಂಘಕ್ಕೆ ಸೇರ್ಕಳಿ, ವಾರ ವಾರ ಉಳಿತಾಯ ಕಟ್ಟಿ” ಎಂದಳು ಮಂಗಲಾ. ಹೆಂಗಸರೆಲ್ಲ ನಕ್ಕರು. ಅವನು ಜಗ್ಗಲಿಲ್ಲ.

ಚಂದನಾ ಅವನನ್ನೇ ನೋಡಿ ಹೇಳಿದಳು: “ಭಾವಾ, ಚೊಕ್ಕ ಗಾಳಿ, ಚೊಕ್ಕ ನೀರು, ಚೊಕ್ಕ ಕಡಲು ಇದು ಮನುಷ್ಯನ ಹಕ್ಕು. ಎರಡು ಸಾವಿರದ ಇಪ್ಪತ್ತೆರಡರಲ್ಲಿ ವಿಶ್ವಸಂಸ್ಥೆಯಲ್ಲಿ ನೂರಕ್ಕೂ ಹೆಚ್ಚು ದೇಶ ಕೂತು ಇದನ್ನ ಒಪ್ಪಿವೆ. ನಮ್ಮ ದೇಶನೂ ಕೈ ಎತ್ತಿದೆ. ಸಭೆಯಲ್ಲಿ ನೀವು ಯಾರ ಹತ್ರನೂ ಬೇಡೂದಲ್ಲ. ಇದ್ದದ್ದನ್ನ ಕೇಳೂದು.”

ದತ್ತಾನ ಎದೆ ಉಬ್ಬಿತು. ನೋಡಿ, ನಾನು ಮೊದಲೇ ಹೇಳಲಿಲ್ಲವಾ ಎಂಬ ಹಾಗೆ ಎಲ್ಲರ ಕಡೆ ನೋಡಿದ.

ಚಂದನಾ ಅಲ್ಲಿಗೇ ನಿಲ್ಲಿಸಲಿಲ್ಲ. ಹಡಗುಗಳು ಕಡಲಿಗೆ ಎಣ್ಣೆ ಬಿಡಬಾರದು ಎಂದು ದೇಶದೇಶಗಳ ನಡುವೆ ಒಂದು ಒಪ್ಪಂದವಿದೆ, ಅದೇ ಒಪ್ಪಂದದಲ್ಲಿ ಹರಿದ ಬಲೆಯನ್ನು ಕಡಲಿಗೆ ಎಸೆಯಬಾರದು ಎಂದೂ ಇದೆ ಎಂದಳು. ನೈಲಾನು ಕೊಳೆಯುವುದಿಲ್ಲ. ಯಾರೂ ಎಳೆಯದಿದ್ದರೂ ಅದು ನೀರಿನೊಳಗೆ ವರ್ಷಗಟ್ಟಲೆ ಹಿಡಿಯುತ್ತಲೇ ಇರುತ್ತದೆ. ಮೀನು, ಕಡಲಾಮೆ, ನೀರಿನಡಿ ತಿರುಗುವ ಬೋಟಿನ ಫ್ಯಾನು, ಸಿಕ್ಕಿದ್ದನ್ನೆಲ್ಲ. ಇಲ್ಲಿ ಬಿಟ್ಟದ್ದು ಗೋವೆಗೂ ಹೋದೀತು, ಅರಬರ ದೇಶಕ್ಕೂ ಹೋದೀತು. ಹಾಗಾಗಿ ನಮ್ಮ ದಂಡೆಯ ಬೋಟುಗಳು ಹರಿದ ಬಲೆಯನ್ನು ತಿರುಗಿ ತರಬೇಕು ಎಂದು ಕೇಳಿಕೊಂಡಳು.

“ಹಡಗು ಎಲ್ಲಿ, ನನ್ನ ಹರಕು ಬಲೆ ಎಲ್ಲಿ?” ಎಂದ ದತ್ತಾ. “ಅವರು ಊರಷ್ಟು ಎಣ್ಣೆ ಸುರೀತಾರೆ. ನಾವು ಒಂದು ತುಂಡು ನೂಲು ಬಿಟ್ರೆ ಅದೂ ತಪ್ಪಾ? ಮೊದಲು ಅವರು ನಿಲ್ಲಿಸ್ಲಿ. ಆಮೇಲೆ ನಮಗೆ ಹೇಳೂಕೆ ಬಾ.”

ಚಂದನಾ ಮತ್ತೇನೋ ಹೇಳಹೊರಟಳು. ಅವನು ಕೇಳಲಿಲ್ಲ. ಅವನಿಗೆ ಸಿಟ್ಟು ಬಂದಿತ್ತು, ಅದಕ್ಕೆ ಕಾರಣ ನನಗೆ ಗೊತ್ತಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಕಡಲಿಗೆ ಹೋಗುತ್ತಿದ್ದವನು ತೀರಿಕೊಂಡರೆ ದಿನಕರ್ಮ ಮುಗಿದ ಮೇಲೆ ಅವನ ಸ್ವಂತ ಬಲೆಯನ್ನು ಮಗ ದೋಣಿಯಲ್ಲಿ ಒಯ್ದು ಕಡಲಿಗೆ ಬಿಡುತ್ತಾನೆ. ಅವನು ಉಂಡ ಅನ್ನ ಕಡಲಿನದು, ಅವನ ಬಲೆಯೂ ಕಡಲಿಗೆ ಎಂದು. ನಮ್ಮ ಅಪ್ಪ ಹೋದಾಗ ಹರಿಶ್ಚಂದ್ರ ಹಾಗೇ ಮಾಡಿದ್ದ. ಆಗ ಬಲೆ ಎಂದರೆ ಹತ್ತಿ ನೂಲಿನದು. ಮರದ ತೊಗಟೆ ಕುದಿಸಿ ಅದರಲ್ಲಿ ಅದ್ದಿ ಗಟ್ಟಿ ಮಾಡುತ್ತಿದ್ದೆವು. ಎಷ್ಟು ಜೋಪಾನ ಮಾಡಿದರೂ ಹೆಚ್ಚು ಬಾಳುತ್ತಿರಲಿಲ್ಲ. ಕಡಲಿಗೆ ಬಿಟ್ಟರೆ ಒಂದು ಮಳೆಗಾಲದಲ್ಲಿ ಕರಗಿ ನೀರಾಗುತ್ತಿತ್ತು.

ಆ ಸಭೆಗೆ ಎರಡು ವರ್ಷ ಮೊದಲು ಹರಿಶ್ಚಂದ್ರ ಹೋದ. ದತ್ತಾ ಅಪ್ಪನ ಬಲೆಯನ್ನು ಕುಂಕುಮ ಹಚ್ಚಿ, ಕಾಯಿ ಒಡೆದು, ಅಳುತ್ತಾ ಕಡಲಿಗೆ ಬಿಟ್ಟು ಬಂದ. ಆ ಬಲೆ ನೈಲಾನಿನದು. ನಮಗೆ ಯಾರಿಗೂ ಅದು ಹೊಳೆಯಲಿಲ್ಲ. ಬಲೆ ಬದಲಾಗಿತ್ತು, ಪದ್ಧತಿ ಬದಲಾಗಿರಲಿಲ್ಲ. ಈಗ ಚಂದನಾ ಬಲೆ ಬಿಡುವುದು ತಪ್ಪು ಎಂದದ್ದು ಅವನ ಕಿವಿಗೆ ಅಪ್ಪನಿಗೆ ಮಾಡಿದ ಕೊನೆಯ ಕೆಲಸ ತಪ್ಪು ಎಂದ ಹಾಗೆ ಕೇಳಿತ್ತು.

ನಾನು ಅವನನ್ನು ಹತ್ತಿರ ಕೂರಿಸಿಕೊಂಡು ಅರ್ಗಾದ ರಂಪಣಿಯ ಸುದ್ದಿ ತೆಗೆದೆ. ಅವನು ಅದನ್ನು ನೋಡಿದವನಲ್ಲ. ರಂಪಣಿ ಎಂದರೆ ಯೆಂಡಿಯ ಹಾಗೇ, ಆದರೆ ಇಡೀ ಊರಿಗೆ ಸಾಲುವಷ್ಟು ದೊಡ್ಡ ಬಲೆ. ಅರ್ಧ ಊರು ಆ ಬದಿಯ ಹಗ್ಗಕ್ಕೆ, ಅರ್ಧ ಊರು ಈ ಬದಿಯ ಹಗ್ಗಕ್ಕೆ. ನಡುವೆ ಎಷ್ಟು ದೂರವೆಂದರೆ ಆಚೆಯವರ ಮುಖ ಕಾಣುತ್ತಿರಲಿಲ್ಲ, ಕೂಗು ಕೇಳುತ್ತಿರಲಿಲ್ಲ. ಆಚೆಯವರೂ ಎಳೆಯುತ್ತಿದ್ದಾರೆ ಎಂಬುದು ಹಗ್ಗ ಬಿಗಿಯಾಗಿರುವುದರಿಂದಲೇ ಗೊತ್ತಾಗಬೇಕು. ಒಂದು ಬದಿ ಸಡಿಲವಾದರೆ ಮೀನೆಲ್ಲ ಆ ಕಡೆಯಿಂದ ಖಾಲಿ. ದಾರಿಹೋಕ ಬಂದು ಹಗ್ಗಕ್ಕೆ ಕೈ ಹಚ್ಚಿದರೂ ಅವನಿಗೆ ಪಾಲು ಕೊಡುತ್ತಿದ್ದರು. ಯಾವ ಊರು, ಯಾವ ಜಾತಿ ಎಂದು ಕೇಳುತ್ತಿರಲಿಲ್ಲ. ಕಾಯಿಲೆ ಬಿದ್ದು ಮಲಗಿದವನ ಮನೆಗೂ ಪಾಲು ಹೋಗುತ್ತಿತ್ತು. ಆಗ ನಮಗೆ ಹಕ್ಕು ಎಂಬ ಶಬ್ದ ಗೊತ್ತಿರಲಿಲ್ಲ. ಪಾಲು ಎಂದರೆ ಗೊತ್ತಿತ್ತು.

ದತ್ತಾ ಎಲ್ಲ ಕೇಳಿದ. ಆಮೇಲೆ ಒಂದು ಪ್ರಶ್ನೆ ಹಾಕಿದ:

“ಆಚೆ ಬದಿಯವರು ಎಳೀದೇ ಇದ್ರೆ ನಾವು ಯಾಕೆ ಎಳೀಬೇಕು ಅತ್ತೆ?”

“ನಾವೇ ಕೈ ಬಿಟ್ರೆ, ಅವರಿಗೆ ಎಳೀರಿ ಅನ್ನೂಕೆ ನಮಗೆ ಬಾಯಿ ಎಲ್ಲಿರ್ತದೆ?”

ಅವನು ಎದ್ದು ಹೋದ. ನಾನು ಮತ್ತೆ ಕರೆಯಲಿಲ್ಲ. ಕೆಲವು ಮಾತು ಒಳಗೆ ಇಳಿಯಲು ಹೊತ್ತು ಬೇಕು.

ಸಭೆಯ ಹಿಂದಿನ ದಿನ ಬೆಳಿಗ್ಗೆ ಗಾಳಿ ಜೋರಿತ್ತು. ಮಳೆಗಾಲ ಹತ್ತಿರ ಬಂದ ಕಡಲು. ಚಂದನಾಳ ಫೋನು ಬಂತು. ರತ್ನಾಗಿರಿ ಕಡೆಯ ಒಂದು ಬೋಟಿನ ಫ್ಯಾನಿಗೆ ಬಲೆ ಸುತ್ತಿ ಎಂಜಿನ್ ನಿಂತಿದೆ, ಬೋಟು ಗಾಳಿಗೆ ಬಂಡೆಯ ಕಡೆ ಹೋಗುತ್ತಿದೆ, ಕೋಸ್ಟ್ ಗಾರ್ಡಿಗೆ ಸುದ್ದಿ ಹೋಗಿದೆ, ಅವರು ಹೊರಟಿದ್ದಾರೆ, ಆದರೆ ಎಲ್ಲರಿಗಿಂತ ಹತ್ತಿರ ಇರುವುದು ನಿಮ್ಮ ದೋಣಿಯೇ ಎಂದಳು.

ದತ್ತಾನ ಜೊತೆಗೆ ಯಾವಾಗಲೂ ಹೋಗುವವನು ಸುನಿಲ. ಅವನು, ಹೊರಗಿನ ದೊಡ್ಡ ಬೋಟಿನವರು ನಮ್ಮ ಮೀನು ಬಾಚಿಕೊಂಡು ಹೋಗಲು ಬಂದವರಲ್ಲವಾ ಎಂದ. ಆ ಮಾತು ಸುಳ್ಳೂ ಅಲ್ಲ. ದತ್ತಾನಿಗೂ ಅಂಥ ಬೋಟುಗಳ ಮೇಲೆ ಮೊದಲಿನಿಂದ ಸಿಟ್ಟಿತ್ತು. ಆದರೆ ಅವನಾಗಲೇ ಲೈಫ್ ಜಾಕೆಟ್ ಹಾಕಿಕೊಂಡು ದೋಣಿ ನೂಕುತ್ತಿದ್ದ. “ಜಗಳ ದಂಡೆ ಮೇಲೆ ಮಾಡುವಾ. ನೀರಲ್ಲಿ ಇದ್ದವನು ಮನುಷ್ಯ. ಹತ್ತೋ” ಎಂದ.

ಮುಂದೆ ಆದದ್ದು ಸುನಿಲ ನಮಗೆ ಹೇಳಿದ್ದು. ಬೋಟು ಅಡ್ಡಾಗಿ ಹೊಯ್ದಾಡುತ್ತಿತ್ತು. ಫ್ಯಾನಿಗೆ ಸುತ್ತಿದ ಬಲೆ ಬಿಡಿಸಲು ಸೂರಜ್ ಎಂಬ ಖಲಾಸಿ ಕತ್ತಿ ಹಿಡಿದು ನೀರಿಗೆ ಇಳಿದಿದ್ದ. ಜಾರ್ಖಂಡದ ಹುಡುಗ, ಮದುವೆಯಾಗಿ ಸಣ್ಣ ಮಗುವಿದೆ. ಕಾಲಿಗೇ ಬಲೆ ಸುತ್ತಿಕೊಂಡು ಬೋಟಿಗೆ ಹತ್ತಲಾಗದೆ ಮುಳುಗೇಳುತ್ತಿದ್ದ. ಬೋಟು ನಡೆಸುವ ತಾಂಡೇಲ ಮೇಲಿನಿಂದ ಹಗ್ಗ ಎಸೆಯುತ್ತಿದ್ದ, ಆದರೆ ಅದನ್ನು ಹಿಡಿಯುವ ಶಕ್ತಿ ಹುಡುಗನಲ್ಲಿ ಉಳಿದಿರಲಿಲ್ಲ. ದತ್ತಾ ಜಾಕೆಟ್ ಕಳಚಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹಾರಿದ. ಹಗ್ಗದ ಇನ್ನೊಂದು ತುದಿ ಸುನಿಲನ ಕೈಯಲ್ಲಿ. ಎರಡು ಸಲ ಬರಿಗೈಯಲ್ಲಿ ಮೇಲೆ ಬಂದು ಉಸಿರು ಎಳೆದುಕೊಂಡು ಹೋದನಂತೆ. ಮೂರನೇ ಸಲ ಫ್ಯಾನಿಗೆ ಸಿಕ್ಕಿದ್ದ ಬಲೆಯನ್ನು ಕತ್ತಿಯಿಂದ ಕೊಯ್ದು ಸೂರಜನನ್ನು ಕಂಕುಳಲ್ಲಿ ಹಿಡಿದುಕೊಂಡು ಬಂದ. ಕಾಲಿನ ಬಲೆ ಕಾಲಿನ ಜೊತೆಗೇ ಬಂತು. ಅಷ್ಟರಲ್ಲಿ ಕೋಸ್ಟ್ ಗಾರ್ಡಿನವರು ಬಂದು ಬೋಟನ್ನು ಬಂಡೆಯಿಂದ ಆಚೆ ಎಳೆದರು. ಎಲ್ಲರೂ ಉಳಿದರು.

ಸೂರಜನನ್ನು ನಮ್ಮ ದಂಡೆಗೆ ತಂದು ಮಲಗಿಸಿದಾಗ ಊರೇ ಅಲ್ಲಿತ್ತು. ನೀರು ಕಾರಿದ, ಕಣ್ಣು ಬಿಟ್ಟ. ಮಂಗಲಾ ತನ್ನ ಸೆರಗಿನಿಂದಲೇ ಅವನ ಮುಖ ಒರೆಸಿದಳು. ಗಂಡಸರು ದತ್ತಾನನ್ನು ಹೆಗಲ ಮೇಲೆ ಎತ್ತಿಕೊಳ್ಳಲು ಹೋದರು. ಅವನು ಬೇಡವೆಂದು ಕೈ ಆಡಿಸಿ ಮರಳಿನ ಮೇಲೆ ಕೂತು ನಗುತ್ತಿದ್ದ.

ನಾನು ಸೂರಜನ ಕಾಲಿನಿಂದ ಕತ್ತರಿಸಿ ತೆಗೆದ ಬಲೆಯನ್ನು ಬದಿಗೆ ಸರಿಸುತ್ತಿದ್ದೆ. ನಾಲ್ಕೈದು ಬಗೆಯ ಬಲೆ ಸೇರಿ ಗಂಟಾಗಿತ್ತು. ಪಾಚಿ ಹಿಡಿದ ಒಂದು ತೇಲುಗುಂಡು ಕೈಗೆ ಸಿಕ್ಕಿತು. ಹೆಬ್ಬೆರಳಿನಿಂದ ಒರೆಸಿದೆ. ಕೆಳಗೆ ಮೀನಿನ ಕಣ್ಣು ಕಂಡಿತು.

ಹರಿಶ್ಚಂದ್ರ ತನ್ನ ಬಲೆಯ ಪ್ರತಿ ಗುಂಡಿನ ಮೇಲೂ ಕಾದ ಮೊಳೆಯಿಂದ ಒಂದು ಕಣ್ಣು ಸುಡುತ್ತಿದ್ದ. ಸುತ್ತ ಒಂದು ಗೆರೆ, ನಡುವೆ ಒಂದು ಚುಕ್ಕೆ. ಈ ಕರಾವಳಿಯಲ್ಲಿ ಹಾಗೆ ಮಾಡುವವನು ಅವನೊಬ್ಬನೇ. ಬಲೆ ನೋಡಿದೆ. ಅವನು ಕೆಂಪು ನೂಲಿನಲ್ಲಿ ಹೊಲಿದ ಹೊಲಿಗೆ ಹಾಗೇ ಇತ್ತು. ಒಂದು ಎಳೆಯೂ ಸಡಿಲವಾಗಿರಲಿಲ್ಲ.

ನಾನು ಗುಂಡನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಆದರೆ ದತ್ತಾ ನನ್ನ ಕೈಯನ್ನೇ ನೋಡುತ್ತಿದ್ದ. ಎದ್ದು ಬಂದು ಸೆರಗು ಸರಿಸಿದ. ಅವನ ನಗು ನಿಂತಿತು.

“ಅಪ್ಪನ ಬಲೆ” ಎಂದ.

ಹೌದೆಂದು ತಲೆ ಆಡಿಸಿದೆ.

“ನಾನೇ ಬಿಟ್ಟದ್ದು, ಅತ್ತೆ.”

ಸೂರಜನ ಕಾಲಿನ ಗಾಯಕ್ಕೆ ಅಂಕೋಲೆಯ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿ, ಬೋಟು ದುರಸ್ತಿಯಾಗುವವರೆಗೆ ನಮ್ಮ ಮನೆಯಲ್ಲೇ ಇರಲಿ ಎಂದು ಕರೆತಂದೆವು. ಸಂಜೆ ಜಗಲಿಯಲ್ಲಿ ಗಂಜಿ ಉಣ್ಣುತ್ತಾ ಅವನು ತನ್ನ ಊರಿನಲ್ಲಿ ಕಡಲೇ ಇಲ್ಲ, ಈಜು ಕಲಿತದ್ದು ಒಂದು ಡ್ಯಾಮಿನಲ್ಲಿ ಎಂದು ಹೇಳಿದ. ಆಮೇಲೆ ಹಿಂದಿಯಲ್ಲಿ ಒಂದು ಮಾತು ಕೇಳಿದ. ಸಿಟ್ಟಿನಿಂದಲ್ಲ, ಸುಮ್ಮನೆ ತಿಳಿದುಕೊಳ್ಳಲು. ಆ ಬಲೆ ಯಾರದು ಎಂದು.

ಮಂಗಲಾ ಅವನಿಗೆ ಇನ್ನಷ್ಟು ಗಂಜಿ ಬಡಿಸಿದಳು. ದತ್ತಾ ಅಂಗಳಕ್ಕೆ ಇಳಿದ.

ಅಲ್ಲಿ ಸುನಿಲ, ಇನ್ನೂ ಕೆಲವರು ಕಾಯುತ್ತಿದ್ದರು. ಬಲೆ ಯಾರದೆಂದು ಊರಿಗೆಲ್ಲ ಗೊತ್ತಾಗಿತ್ತು. ಎಲ್ಲರದೂ ಒಂದೇ ಮಾತು: ಬಲೆಯನ್ನು ಈಗಲೇ ಮರಳಿನಲ್ಲಿ ಹೂಳಬೇಕು. ನಾಳೆ ಸಭೆ. ಹಡಗಿನ ಕಡೆಯವರಿಗೆ ಇದು ಸಿಕ್ಕರೆ, ಕಡಲು ಕೆಡಿಸುವವರು ನೀವೇ ಎಂದು ನಮ್ಮ ಬಾಯಿ ಮುಚ್ಚಿಸುತ್ತಾರೆ. ಇಷ್ಟು ವರ್ಷ ಓಡಾಡಿದ್ದು ನೀರಿಗೆ ಹೋಗುತ್ತದೆ. ಮಂಗಲಾಳೂ ಅದನ್ನೇ ಹೇಳಿದಳು. ಅವಳ ಕಣ್ಣ ಮುಂದೆ ವಾಪಸು ಬಂದ ಬುಟ್ಟಿ ಇತ್ತು.

ದತ್ತಾ, ಸುದ್ದಿ ಕೇಳಿ ತೋಡೂರಿನಿಂದ ಬಂದಿದ್ದ ಚಂದನಾಳನ್ನು ನೋಡಿದ. ಅವಳು ಕೊಂಕು ಆಡುತ್ತಾಳೆ ಎಂದು ಕಾದಿದ್ದನೋ ಏನೋ. ಅವಳು ಇಷ್ಟೇ ಹೇಳಿದಳು: “ಭಾವಾ, ಹಕ್ಕು ಕೇಳುವವರು ತಪ್ಪೇ ಮಾಡಿರಬಾರದು ಅಂತ ಎಲ್ಲೂ ಬರೆದಿಲ್ಲ. ನಿಮ್ಮ ಹಕ್ಕು ನಾಳೆನೂ ಇರ್ತದೆ. ಬಲೆ ಹೂಳ್ಬೇಕಾ ಬೇಡ್ವಾ, ಅದು ನಿಮಗೆ ಬಿಟ್ಟದ್ದು.”

ಅವನು ನನ್ನ ಹತ್ತಿರ ಬಂದು, ಅಪ್ಪನ ಹೆಸರು ಕೆಡುತ್ತದಾ ಎಂದು ಮೆಲ್ಲಗೆ ಕೇಳಿದ. ಹರಿಶ್ಚಂದ್ರ ಹೊಂಡಕ್ಕೆ ಬಿದ್ದ ನಾಯಿಯನ್ನೂ ಬಿಟ್ಟು ಬಂದವನಲ್ಲ ಎಂದೆ. ಅವನ ಬಲೆ ಒಬ್ಬನನ್ನು ಮುಳುಗಿಸಲು ಹೋಯಿತು, ಅವನ ಮಗ ಹಾರಿ ಎತ್ತಿದ. ಎರಡೂ ನಿಜ, ಎರಡನ್ನೂ ಹೇಳು ಎಂದೆ.

ಮರುದಿನ ಮೀನು ಹರಾಜಿನ ಶೆಡ್ಡಿನಲ್ಲಿ ಸಭೆ. ಕಾರವಾರದಿಂದ ಒಬ್ಬ ಮಹಿಳಾ ಅಧಿಕಾರಿ ಬಂದಿದ್ದರು. ಹಡಗಿನ ಏಜೆಂಟರ ಪರವಾಗಿ ಒಬ್ಬ ಸಾಹೇಬರು ಬಂದಿದ್ದರು. ಶೆಡ್ಡು ತುಂಬಿ ಜನ ಹೊರಗೂ ನಿಂತಿದ್ದರು. ಸೂರಜ್ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ.

ಹೆಂಗಸರು ಮೊದಲು ಮಾತಾಡಿದರು. ಮಂಗಲಾ ತನ್ನ ಬುಟ್ಟಿಯ ಕತೆ ಹೇಳಿದಳು. ಸಾಹೇಬರು ನಗುಮುಖದಿಂದ ಎದ್ದರು. ಎಣ್ಣೆ ಯಾವ ಹಡಗಿನದು ಎಂದು ಯಾರು ಹೇಳಬಲ್ಲರು ಎಂದರು. ಆಮೇಲೆ ದಂಡೆಯ ಕಡೆ ಕೈ ತೋರಿಸಿ, ಬರುವಾಗ ನೋಡಿದೆ, ಮರಳಿನ ತುಂಬ ನಿಮ್ಮದೇ ಹರಿದ ಬಲೆಗಳು ಬಿದ್ದಿವೆ, ಮೊದಲು ಅದನ್ನು ನೋಡಿಕೊಳ್ಳಿ ಎಂದರು. ನಾವು ಯಾವುದಕ್ಕೆ ಹೆದರಿದ್ದೆವೋ ಅದೇ ಆಯಿತು.

ದತ್ತಾ ಎದ್ದ. ಮೂಲೆಯಲ್ಲಿಟ್ಟಿದ್ದ ಗೋಣಿ ತಂದು ಮೇಜಿನ ಮೇಲೆ ಸುರಿದ. ಅಪ್ಪನ ಬಲೆ, ಪಾಚಿಯ ಸಮೇತ. ಅದರ ಪಕ್ಕದಲ್ಲಿ ಗರಟೆಯಲ್ಲಿ ಒಂದು ಡಾಂಬರಿನ ಉಂಡೆ ಇಟ್ಟ.

ಅವನು ಸಾಹೇಬರ ಕಡೆ ನೋಡಲಿಲ್ಲ. ಸೂರಜನ ಕಡೆ ನೋಡಿ, ನಿನ್ನೆ ನೀನು ಕೇಳಿದೆಯಲ್ಲ, ಆ ಬಲೆ ನನ್ನ ಅಪ್ಪನದು, ಕಡಲಿಗೆ ಬಿಟ್ಟವನು ನಾನು ಎಂದು ತನಗೆ ಬರುವ ಹಿಂದಿಯಲ್ಲಿ ಹೇಳಿದ. ಯಾಕೆ ಬಿಟ್ಟೆ ಎಂಬುದನ್ನೂ ಹೇಳಿದ. ಮನೆಯ ಪದ್ಧತಿ, ಹತ್ತಿಯ ಬಲೆ, ನೈಲಾನಿನ ಬಲೆ, ಎಲ್ಲ. ಆಮೇಲೆ ಸಾಹೇಬರ ಕಡೆ ತಿರುಗಿದ.

“ಇದು ನಮ್ದು” ಎಂದು ಬಲೆಯ ಮೇಲೆ ಕೈ ಇಟ್ಟ. “ತಪ್ಪಾಯ್ತು. ಇವತ್ತಿಂದ ಈ ದಂಡೆಯ ಯಾವ ಬೋಟೂ ಬಲೆ ಬಿಟ್ಟು ಬರೂದಿಲ್ಲ. ಬಿದ್ದದ್ದನ್ನೂ ನಾವೇ ಎತ್ತುತ್ತೇವೆ.” ಆಮೇಲೆ ಗರಟೆಯನ್ನು ಅವರ ಮುಂದೆ ಸರಿಸಿದ. “ಇದು ನಿಮ್ದು. ನಾವು ನಮ್ದನ್ನ ಹೊತ್ಕಂಡ್ವಿ. ನೀವು ನಿಮ್ದನ್ನ ಹೊತ್ಕಳಿ.”

ಸಾಹೇಬರ ನಗು ಹೋಯಿತು. ಅವರು ಗರಟೆಯನ್ನೂ ಬಲೆಯನ್ನೂ ನೋಡಿದರು. ಆಗ ಸೂರಜ್ ಕುಂಟುತ್ತಾ ಎದ್ದು ಬಂದು ದತ್ತಾನ ಪಕ್ಕದಲ್ಲಿ ನಿಂತ. ಬಲೆಯ ಒಂದು ತುದಿ ಅವನೂ ಹಿಡಿದುಕೊಂಡ. ಮೊದಲು ಸುನಿಲ ಚಪ್ಪಾಳೆ ತಟ್ಟಿದ. ಆಮೇಲೆ ಶೆಡ್ಡಿನ ತಗಡೇ ಹಾರಿ ಹೋಗುತ್ತದೋ ಎಂಬಷ್ಟು ಸದ್ದಾಯಿತು.

ಅಧಿಕಾರಿಯವರು ಎಲ್ಲ ಬರೆಸಿಕೊಂಡರು. ನಾನು ಎಷ್ಟೋ ಸಭೆ ನೋಡಿದ್ದೇನೆ, ತಮ್ಮ ಪಾಲಿನ ತಪ್ಪನ್ನು ಮೊದಲು ಮೇಜಿನ ಮೇಲಿಟ್ಟು ಹಕ್ಕು ಕೇಳಿದವರನ್ನು ಇವತ್ತೇ ನೋಡಿದ್ದು ಎಂದರು. ಎಣ್ಣೆ ಯಾವ ಹಡಗಿನದು ಎಂಬುದನ್ನು ಆ ಉಂಡೆಯನ್ನೇ ಪರೀಕ್ಷೆ ಮಾಡಿಸಿ ಹುಡುಕಲು ದಾರಿಯಿದೆ, ಕಳಿಸುತ್ತೇನೆ ಎಂದು ಗರಟೆಯನ್ನು ಮೊಹರು ಹಾಕಿಸಿ ಒಯ್ದರು. ಸಾಹೇಬರೂ ಹೋಗುವ ಮೊದಲು ದತ್ತಾನ ಹತ್ತಿರ ಬಂದು, ಬಂದರಿಗೆ ಬರುವ ನಮ್ಮ ಹಡಗುಗಳ ಕೊಳೆ ಎಣ್ಣೆ ದಡದಲ್ಲೇ ಇಳಿಯುವ ಹಾಗೆ ನೋಡಿಕೊಳ್ಳುವುದು ನನ್ನ ಪಾಲು ಎಂದು ಹೇಳಿ ಕೈ ಕುಲುಕಿದರು.

ಆ ಮಳೆಗಾಲ ಮುಗಿಯುವುದರೊಳಗೆ ಬೋಟು ನಿಲ್ಲುವಲ್ಲಿ ಹರಿದ ಬಲೆ ಹಾಕಲು ಒಂದು ಕಟ್ಟೆಯಾಯಿತು. ಅದರ ಉಸ್ತುವಾರಿ ನಮ್ಮ ಸಂಘಕ್ಕೆ ಬಂತು. ಮೊದಲು ಬಂದ ಬಲೆ ಸುನಿಲನದು. ಆಮೇಲೆ ಕಾರವಾರದ ಕಡೆಯಿಂದಲೂ ತಂದು ಹಾಕತೊಡಗಿದರು. ಡಾಂಬರು ಕಂಡ ದಿನವೇ ದಂಡೆ ಚೊಕ್ಕ ಮಾಡಲು ಜನ ಬರುತ್ತಾರೆ. ಡಾಂಬರು ಪೂರ್ತಿ ನಿಂತಿತೇ ಎಂದು ಕೇಳಿದರೆ ಇಲ್ಲ. ಮುಂದಿನ ಮೇ ತಿಂಗಳಿನಲ್ಲೂ ಬಂತು, ಆದರೆ ಎಣ್ಣೆಯ ಗರಟೆ ಹೆಚ್ಚು ದಿನ ಹೊರಗಿಡಬೇಕಾಗಲಿಲ್ಲ.

ಸಭೆಯಾದ ವರ್ಷವೇ, ಕಡಲಿಗೆ ಕಾಯಿ ಅರ್ಪಿಸುವ ನಾರಳಿ ಹುಣ್ಣಿಮೆಯ ದಿನ ದತ್ತಾ ಮತ್ತೊಮ್ಮೆ ಅಪ್ಪನಿಗೆ ಬಲೆ ಬಿಟ್ಟ. ಈ ಸಲ ಹತ್ತಿಯದು. ನನ್ನ ಬೆರಳಿಗೆ ಹಳೆಯ ಗಂಟು ಇನ್ನೂ ನೆನಪಿತ್ತು. ಕರವಸ್ತ್ರದಷ್ಟು ದೊಡ್ಡದು ಹೆಣೆದುಕೊಟ್ಟೆ. ಕಾಯಿಯ ಜೊತೆ ಅದನ್ನು ಕಡಲಿಗೆ ಬಿಟ್ಟು ಅವನು ಕೈ ಮುಗಿದ. ಪದ್ಧತಿ ಉಳಿಯಿತು. ಈಗ ಕೇರಿಯವರೆಲ್ಲ ನನ್ನ ಹತ್ತಿರ ಆ ಗಂಟು ಕಲಿಯಲು ಬರುತ್ತಾರೆ. ಮಂಗಲಾ ಕಲಿತಾಗಿದೆ. ಚಂದನಾಳ ಗಂಟು ಮಾತ್ರ ಇನ್ನೂ ಬಿಚ್ಚಿಹೋಗುತ್ತದೆ, ದತ್ತಾ ಅವಳನ್ನು ಬಿಡದೆ ಕಾಡುತ್ತಾನೆ.

ಆ ಮಳೆಗಾಲ ಕಳೆದು ಮೊದಲ ಸಲ ಯೆಂಡಿ ಎಳೆದ ದಿನ ಬಿಸಿಲು ಚೊಕ್ಕವಾಗಿತ್ತು, ಮರಳೂ ಚೊಕ್ಕವಾಗಿತ್ತು. ದೂರದಲ್ಲಿ ಒಂದು ಬೋಟು ಲಂಗರು ಹಾಕಿತು. ಅದರಿಂದ ಇಳಿದು ಸೂರಜ್ ಬಂದ. ಕಾಲಿನ ಗಾಯ ಮಾಗಿತ್ತು. ಯಾರನ್ನೂ ಕೇಳದೆ ಬಂದು ಹಗ್ಗಕ್ಕೆ ಕೈ ಹಚ್ಚಿದ. ಈ ಬದಿಯ ಹಗ್ಗದಲ್ಲಿ ಅವನು, ಆ ಬದಿಯ ಹಗ್ಗದಲ್ಲಿ ದತ್ತಾ. ಹಗ್ಗ ಬಿಗಿಯಾಗಿತ್ತು. ಬಲೆಯ ಹೊಟ್ಟೆ ದಂಡೆಗೆ ಬಂದಾಗ ಬಂಗಡೆ ಬೆಳ್ಳಿಯ ಹಾಗೆ ಹೊಳೆಯುತ್ತಾ ಕುಣಿಯಿತು. ಪಾಲು ಹಾಕುವಾಗ ದತ್ತಾ ಸೂರಜನ ಮುಂದೆಯೂ ಒಂದು ರಾಶಿ ಇಟ್ಟ. ಸೂರಜ್ ಬೇಡವೆಂದ.

“ತಗೋ ಮಾರಾಯಾ” ಎಂದ ದತ್ತಾ. “ನೀನು ಹಗ್ಗ ಹಿಡಿದವನು.”

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಪಾಲನ್ನು ಧೈರ್ಯವಾಗಿ ಕೇಳಿ. ಚೊಕ್ಕ ಕಡಲು, ಚೊಕ್ಕ ನೀರು, ಜೀವಕ್ಕೆ ರಕ್ಷಣೆ, ಇವು ನಿಮಗೆ ಯಾರೋ ಕೊಡುವ ದಾನವಲ್ಲ. ಕೇಳುವಾಗ ಒಂದು ಕೈ ಹಗ್ಗದ ಮೇಲೆ ಇರಲಿ. ಹರಿದ ಬಲೆಯನ್ನು ದಂಡೆಗೆ ತನ್ನಿ. ಕಡಲಿನಲ್ಲಿ ಬಲೆ ಕಳೆದರೆ ಎಲ್ಲಿ ಕಳೆಯಿತೆಂದು ಬೇರೆ ಬೋಟಿನವರಿಗೂ ನಿಮ್ಮ ಸಾಗರ ಮಿತ್ರರಿಗೂ ತಿಳಿಸಿ. ಡಾಂಬರು ಕಂಡರೆ ಆ ದಿನವೇ ಹೇಳಿ. ಕಡಲಿನಲ್ಲಿ ಯಾರದೇ ಜೀವಕ್ಕೆ ಅಪಾಯ ಕಂಡರೆ ೧೫೫೪ಕ್ಕೆ ಫೋನು ಮಾಡಿ, ಅವರು ಯಾವ ಊರಿನವರೇ ಇರಲಿ. ನೀವು ಘಟ್ಟದ ಮೇಲಿನವರಾದರೆ, ನೀವು ಹೊಳೆಗೆ ಎಸೆದ ಪ್ಲಾಸ್ಟಿಕ್ಕು ನಮ್ಮ ದಂಡೆಗೂ ಬರುತ್ತದೆ, ನಮ್ಮನ್ನು ದಾಟಿ ಇನ್ನೊಂದು ದೇಶಕ್ಕೂ ಹೋಗುತ್ತದೆ ಎಂಬುದನ್ನು ನೆನಪಿಡಿ.

ಆಚೆ ಬದಿಯ ಹಗ್ಗ ಹಿಡಿದವರ ಮುಖ ನಮಗೆ ಕಾಣುವುದಿಲ್ಲ. ಅವರಿಗೂ ನಮ್ಮ ಮುಖ ಕಾಣುವುದಿಲ್ಲ. ನಾವು ಇದ್ದೇವೆ ಎಂದು ಅವರಿಗೆ ಗೊತ್ತಾಗುವ ಹಾಗೆ ಬಿಗಿಯಾಗಿ ಹಿಡಿಯೋಣ.